ಮೇಕೆ ತೊಡೆ ಇಡಿಯಾಗಿ ರೋಸ್ಟ್: ಮೆತ್ತಗೂ ಆಗಬೇಕು, ಒಣಗಲೂ ಬಾರದು

ಸಾಗರದ_ಅಡಿಗೆಮನೆ
ಮೇಕೆಯ ಹಿಂದಿನ ತೊಡೆ, ಮೂಳೆ ಸಮೇತ 1.8 ಕೆ.ಜಿ. ತುಂಡು ಮಾಡದೆ ಇಡಿಯಾಗಿ ಮಾಡಬೇಕು. 40 ಲೀಟರಿನ ಓಟಿಜಿ (ಮೇಜಿನ ಮೇಲಿಡೋ ಕರೆಂಟ್ ಓವನ್) ಇದೆ. ಇಂಟರ್ನೆಟ್‌ನಲ್ಲಿ ಸಿಗೋ ವಿಧಾನ ಎಲ್ಲ ಹೊರದೇಶದ ಕೊಬ್ಬಿದ ಕುರಿಮರಿ ತೊಡೆಗೆ ಬರೆದದ್ದು, ಇಲ್ಲಾಂದ್ರೆ ಜಿಂಕೆ ತೊಡೆಗೆ. 180 ಡಿಗ್ರಿ, ಒಂದೂವರೆ ಗಂಟೆ ಅಂತಾರೆ. ಆ ಲೆಕ್ಕ ಹಿಡಿದರೆ ನಮ್ಮ ಮೇಕೆ ಹೊರಗೆ ಒಣಗಿ, ಒಳಗೆ ರಬ್ಬರ್. ಪಪ್ಪಾಯಿ ಹಾಕಿದ್ರೆ ಮೇಲ್ಪದರ ಮುದ್ದೆ, ಒಳಗೆ ಮತ್ತದೇ ರಬ್ಬರ್. ಎಲ್ಲಿ ತಪ್ಪುತ್ತೆ? ಉಪ್ಪು ಎಷ್ಟು, ಬೆಂಕಿ ಎಷ್ಟು, ಹೊತ್ತು ಎಷ್ಟು, ಬಿಡಿಸಿ ಹೇಳಿ. ಜಿಂಕೆ ಮಾಂಸದ ವಿಧಾನ ನಮ್ಮ ಮೇಕೆಗೆ ಹೊಂದುತ್ತಾ ಅನ್ನೋದೂ ಗೊತ್ತಾಗಬೇಕು.

ನಿರ್ವಾಹಕ
ಚರ್ಚೆ ಶುರುವಾಗೋ ಮೊದಲೇ ಒಂದು ಮಾತು. ಜಿಂಕೆ, ಕಡವೆ, ಕಾಡುಕುರಿ, ಬರ್ಕ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿಗಳು. ಬೇಟೆ ಆಡೋದಷ್ಟೇ ಅಲ್ಲ, ಆ ಮಾಂಸ ಮನೆಯಲ್ಲಿ ಇಟ್ಟುಕೊಳ್ಳೋದೂ ಅಪರಾಧ. ಶೆಟ್ಟಿಹಳ್ಳಿ, ಭದ್ರಾ ಅಭಯಾರಣ್ಯಗಳ ಪಕ್ಕದಲ್ಲಿ ಕೂತವರಿಗೆ ಇದನ್ನ ಹೊಸದಾಗಿ ಹೇಳಬೇಕಿಲ್ಲ. "ಎಲ್ಲಿ ಸಿಗುತ್ತೆ" ಅಂತ ಯಾರಾದರೂ ಕೇಳಿದರೆ ಆ ಸಂದೇಶ ಅಳಿಸಲಾಗುವುದು. ಹೊರದೇಶದಲ್ಲಿ ಫಾರಂನಲ್ಲಿ ಸಾಕಿ ಅಂಗಡಿಯಲ್ಲಿ ಮಾರೋ ಜಿಂಕೆ ಮಾಂಸದ ಅಡುಗೆ ಬಗ್ಗೆ ಮಾತಾಡಲು ಅಡ್ಡಿಯಿಲ್ಲ.

ಕಾಳುಮೆಣಸು
ಹೊಂದುತ್ತೆ, ಚೆನ್ನಾಗೇ ಹೊಂದುತ್ತೆ. ಎರಡರದ್ದೂ ಒಂದೇ ಕಾಯಿಲೆ: ಮಾಂಸದ ಒಳಗೆ ಕೊಬ್ಬಿಲ್ಲ. ಹಸಿ ಮೇಕೆ ಮಾಂಸ, ಹಸಿ ಜಿಂಕೆ ಮಾಂಸ, ಎರಡರಲ್ಲೂ 100 ಗ್ರಾಂಗೆ 2–3 ಗ್ರಾಂ ಕೊಬ್ಬು ಅಷ್ಟೇ. ಹೊರದೇಶದ ಕುರಿಮರಿ ತೊಡೆಯಲ್ಲಿ ಇದರ ಹಲವು ಪಟ್ಟು ಇರುತ್ತೆ. ಆ ಕೊಬ್ಬು ಕರಗಿ ಮಾಂಸವನ್ನ ಕಾಯುತ್ತೆ, ಸ್ವಲ್ಪ ಹೆಚ್ಚು ಬೆಂದರೂ ಬಾಯಿಗೆ ಒಣ ಅನ್ನಿಸಲ್ಲ. ಮೇಕೆಗೆ ಆ ರಕ್ಷಣೆ ಇಲ್ಲ. ಹಾಗಾಗಿ ಕುರಿಮರಿ ವಿಧಾನ ಬಿಟ್ಟು ಜಿಂಕೆ ವಿಧಾನದ ಹತ್ತಿರ ಹೋಗೋದೇ ಸರಿ.

ಆದರೆ ಅದರಲ್ಲೂ ಎರಡು ದಾರಿ ಇವೆ, ಅವನ್ನ ಬೆರೆಸಬಾರದು. ನಿಮ್ಮ 180 ಡಿಗ್ರಿ, ಒಂದೂವರೆ ಗಂಟೆ ಸರಿಯಾಗಿ ಎರಡರ ನಡುವೆ ಹೋಗಿ ಬೀಳುತ್ತೆ.

ಮಾಂಸದ ಎಳೆ ಒಂದು ವಸ್ತು, ಎಳೆಗಳನ್ನ ಕಟ್ಟಿಹಿಡಿಯೋ ಪೊರೆ ಮತ್ತು ನರ ಇನ್ನೊಂದು. ಎಳೆ 50 ಡಿಗ್ರಿ ದಾಟಿದ ಮೇಲೆ ಗಟ್ಟಿಯಾಗ್ತಾ ಹೋಗುತ್ತೆ, 66–73 ಡಿಗ್ರಿ ನಡುವೆ ಹಿಂಡಿದ ಬಟ್ಟೆ ಥರ ನೀರು ಬಿಡುತ್ತೆ. ಪೊರೆಯಲ್ಲಿರೋ ಕೊಲಾಜೆನ್ ಅನ್ನೋ ಗಟ್ಟಿ ಪ್ರೋಟೀನ್ ಕರಗಿ ಮೆತ್ತನೆಯ ಜೆಲಟಿನ್ ಆಗೋಕೆ ಅದಕ್ಕಿಂತ ಮೇಲಿನ ಬಿಸಿ ಬೇಕು, ಗಂಟೆಗಟ್ಟಲೆ ಬೇಕು. 70 ದಾಟಿದ ಮೇಲೆ ಕೆಲಸ ಚುರುಕಾಗುತ್ತೆ, 85–92ಕ್ಕೆ ಬಂದಾಗ ದಬ್ಬಣ ಚುಚ್ಚಿದರೆ ಸಲೀಸಾಗಿ ಇಳಿಯುತ್ತೆ. ಒಳಗೆ 75ಕ್ಕೆ ನಿಲ್ಲಿಸಿದ್ರೆ ಏನಾಗುತ್ತೆ? ನೀರು ಹೋಗಿರುತ್ತೆ, ಪೊರೆ ಕರಗಿರಲ್ಲ. ಅದೇ ನೀವು ಹೇಳ್ತಿರೋ ರಬ್ಬರ್.

ಒಂದೋ 60–63ಕ್ಕೆ ತೆಗೀರಿ, ಇಲ್ಲಾ 88–92ರ ತನಕ ತಾಳ್ಮೆಯಿಂದ ಹೋಗಿ. ತೊಡೆ ಇಡಿಯಾಗಿ ಮಾಡೋದಾದ್ರೆ ಎರಡನೆಯದೇ. ನಮ್ಮ ಕಡೆ ತಟ್ಟೆಯಲ್ಲಿ ಗುಲಾಬಿ ಬಣ್ಣ ಕಂಡರೆ ಅರ್ಧ ಮನೆ ಊಟ ಬಿಟ್ಟು ಏಳುತ್ತೆ, ಅದೂ ಲೆಕ್ಕಕ್ಕೆ ಬರಬೇಕಲ್ಲ.

ಕತ್ತಿಮಸೆ
ಬೆಂಕಿ ಆಮೇಲೆ ಮಾರಾಯ್ರೆ. ಕಡಿದು ಎಷ್ಟು ಹೊತ್ತಾದ ಮಾಂಸ ಅನ್ನೋದು ಮೊದಲು.

ಭಾನುವಾರ ಬೆಳಿಗ್ಗೆ ಆರಕ್ಕೆ ಕಡೀತಾರೆ, ಹತ್ತಕ್ಕೆ ಮನೆಯಲ್ಲಿ ಒಗ್ಗರಣೆ. ಸಾರಿನ ತುಂಡಿಗೆ ಅದು ನಡೆಯುತ್ತೆ, ಕುಕ್ಕರ್ ಎಲ್ಲ ಮುಚ್ಚಿಹಾಕುತ್ತೆ. ಇಡೀ ತೊಡೆಗೆ ನಡೆಯಲ್ಲ. ಪ್ರಾಣಿ ಸತ್ತ ಮೇಲೆ ಕೆಲವು ಗಂಟೆಗಳಲ್ಲಿ ಮಾಂಸ ಸೆಟೆದುಕೊಳ್ಳುತ್ತೆ, ಆ ಸೆಟೆತ ಬಿಡೋಕೆ ಸುಮಾರು ಒಂದು ದಿನ ಬೇಕು. ಸೆಟೆದಾಗಲೇ ಒಲೆ ಮೇಲಿಟ್ಟರೆ ಎಷ್ಟು ಬೇಯಿಸಿದರೂ ಎಳೆ ಬಿಗಿ. ಸೆಟೆತ ಬಿಟ್ಟ ಮೇಲೆ ಮಾಂಸದಲ್ಲೇ ಇರೋ ಕಿಣ್ವಗಳು ಎಳೆಗಳನ್ನ ನಿಧಾನಕ್ಕೆ ಸಡಿಲ ಮಾಡ್ತವೆ. ಫ್ರಿಜ್ಜಿನಲ್ಲಿ 2–4 ಡಿಗ್ರಿಯಲ್ಲಿ ಎರಡು ರಾತ್ರಿ ಇಟ್ಟರೆ ವ್ಯತ್ಯಾಸ ಬಾಯಿಗೇ ಗೊತ್ತಾಗುತ್ತೆ.

ಇಲ್ಲೊಂದು ಗುಂಡಿ ಇದೆ, ತುಂಬಾ ಜನ ಬೀಳ್ತಾರೆ. ಕಡಿದ ಅರ್ಧ ಗಂಟೆಗೇ ಬಿಸಿ ಮಾಂಸ ತಂದು ಫ್ರೀಜರಿಗೆ ತುರುಕೋದು. ಸೆಟೆಯೋ ಮೊದಲೇ 10 ಡಿಗ್ರಿಗಿಂತ ಕೆಳಗೆ ಇಳಿದರೆ ಎಳೆ ಮೂಲ ಉದ್ದಕ್ಕಿಂತ ಎಷ್ಟೋ ಗಿಡ್ಡಕ್ಕೆ ಮುದುಡಿಕೊಳ್ಳುತ್ತೆ, ಆಮೇಲೆ ಏನು ಮಾಡಿದರೂ ಪೂರ್ತಿ ಬಿಡಲ್ಲ. ಮೂಳೆಯಿಂದ ಬಿಡಿಸಿದ ಮಾಂಸದಲ್ಲಿ ಇದು ಇನ್ನೂ ಜಾಸ್ತಿ, ಯಾಕಂದ್ರೆ ಎಳೆದು ಹಿಡಿಯೋಕೆ ಮೂಳೆ ಇಲ್ಲ. ಅಂಗಡಿಯಲ್ಲಿ ನಾಲ್ಕೈದು ಗಂಟೆ ನೇತುಹಾಕಿದ ಮೇಲಿನ ತೊಡೆ ಕೊಡಿ ಅಂತ ಮೊದಲೇ ಹೇಳಿಡಿ. ತಂದು ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿ ಮೂಳೆ ಸಮೇತ ಇಡಿ. ಫ್ರೀಜರಿಗೆ ಹಾಕೋದಿದ್ರೆ ಒಂದು ದಿನ ಕಳೆದ ಮೇಲೆ.

ವಯಸ್ಸು ಹಲ್ಲಿನಲ್ಲಿ ಗೊತ್ತಾಗುತ್ತೆ. ಹಾಲುಹಲ್ಲು ಇದ್ದರೆ ವರ್ಷದೊಳಗಿನದು ಅಥವಾ ವರ್ಷದ ಆಸುಪಾಸು. ಎರಡು ಹಲ್ಲು ಬಿದ್ದು ದೊಡ್ಡ ಹಲ್ಲು ಬಂದಿದ್ದರೆ ಒಂದೂಕಾಲು ವರ್ಷದ ಮೇಲೆ. ಇಡೀ ತೊಡೆಗೆ ಹಾಲುಹಲ್ಲಿನದು ಅಥವಾ ಎರಡು ಹಲ್ಲಿನದು ಸಾಕು, ಅದಕ್ಕಿಂತ ದೊಡ್ಡದು ಬೇಡ. ಒಂದೇ ತೊಡೆ ಎರಡೂವರೆ ಕೆ.ಜಿ. ತೂಗಿದರೆ ಅದು ಬೆಳೆದ ಹೋತ, ರೋಸ್ಟಿಗೆ ತರಬೇಡಿ. ಬೀಜ ಒಡೆಯದ ಹೋತದ ವಾಸನೆಯನ್ನ ಯಾವ ಮಸಾಲೆಯೂ ಮುಚ್ಚಲ್ಲ.

ಕೊಪ್ಪದ_ಒಲೆ
@ಕತ್ತಿಮಸೆ ಎರಡು ರಾತ್ರಿ ಫ್ರಿಜ್ಜು ಅಂತೀರಿ. ಜುಲೈಯಲ್ಲಿ ಇಲ್ಲಿ ಕರೆಂಟೇ ಎರಡು ರಾತ್ರಿ ಇರಲ್ಲ.

ಕತ್ತಿಮಸೆ
ಬಾಗಿಲು ತೆರೆಯದೇ ಇದ್ದರೆ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿಯುತ್ತೆ. ಅದಕ್ಕಿಂತ ಹೆಚ್ಚು ಹೊತ್ತು ಕರೆಂಟ್ ಹೋಗುತ್ತೆ ಅಂತ ಗೊತ್ತಿದ್ದರೆ ಒಂದೇ ರಾತ್ರಿ ಇಡಿ, ಫ್ರೀಜರಿನಲ್ಲಿ ಎರಡು ಬಾಟಲಿ ನೀರು ಗಟ್ಟಿ ಮಾಡಿಟ್ಟು ಕರೆಂಟ್ ಹೋದ ಕೂಡಲೇ ಮಾಂಸದ ಎರಡೂ ಪಕ್ಕ ಇಡಿ. ಮಳೆಗಾಲದ ಚಳಿ ಇದೆಯಲ್ಲ ಅಂತ ಹೊರಗೆ ಬಿಡೋದು ಮಾತ್ರ ಬೇಡ. ನಮಗೆ ಚಳಿ ಅನ್ನಿಸೋ 20 ಡಿಗ್ರಿ ಬ್ಯಾಕ್ಟೀರಿಯಾಕ್ಕೆ ಚಳಿಯಲ್ಲ.

ಸಾಗರದ_ಅಡಿಗೆಮನೆ
ಸರಿ, ಎರಡು ರಾತ್ರಿ ಇಡ್ತೀನಿ. ತಂದ ಮೇಲೆ ತೊಳೀಬೇಕಾ? ಅಂಗಡಿಯವರ ಹತ್ರ ಏನೇನು ಮಾಡಿಸ್ಕೊಂಡು ಬರಬೇಕು?

ಕತ್ತಿಮಸೆ
ಮೂಳೆ ಪುಡಿ, ಕೂದಲು ಇದ್ದರೆ ಒಂದು ಸಲ ನೀರಲ್ಲಿ ಅದ್ದಿ ತೆಗೆದು ಬಟ್ಟೆಯಲ್ಲಿ ಒತ್ತಿ ಒರೆಸಿ. ನೀರಲ್ಲಿ ನೆನೆಸಿ ಇಡಬೇಡಿ. ಆ ಕೆಂಪು ನೀರು ರಕ್ತ ಅಂದುಕೊಂಡು ಮೂರ್ನಾಲ್ಕು ಸಲ ಹಿಂಡಿ ತೊಳೆಯೋರಿದ್ದಾರೆ. ರಕ್ತ ಕಡಿದಾಗಲೇ ಹೋಗಿರುತ್ತೆ. ಇದು ಮಾಂಸದ್ದೇ ರಸ, ಬಣ್ಣ ಮಯೋಗ್ಲೋಬಿನ್‌ದು, ರುಚಿ ಇರೋದೇ ಅಲ್ಲಿ.

ಅಂಗಡಿಯಲ್ಲಿ ಎರಡು ಕೆಲಸ ಮಾಡಿಸಿ. ಮೇಲ್ತುದಿಯ ಸೊಂಟದ ಮೂಳೆ ತೆಗೆಸಿ, ಅದು ಇದ್ದರೆ ಕೊನೆಗೆ ಹೋಳು ಕತ್ತರಿಸೋಕೆ ಆಗಲ್ಲ. ಕೆಳಗಿನ ನಲ್ಲಿ ಮೂಳೆಯನ್ನ ಕೀಲಿನಲ್ಲಿ ಮುರಿಸಿ, ಪೂರ್ತಿ ಬೇರ್ಪಡಿಸೋದು ಬೇಡ. ಮಡಿಸಿದರೆ ಟ್ರೇಯೊಳಗೆ ಕೂರುತ್ತೆ. ಹೊರಡೋ ಮೊದಲು ಓಟಿಜಿ ಟ್ರೇಯ ಒಳ ಅಳತೆ ದಾರದಲ್ಲಿ ಹಿಡಿದುಕೊಂಡು ಹೋಗಿ.

ಉಳಿದದ್ದು ಮನೆಯಲ್ಲಿ. ಮೇಲಿರೋ ಬೆಳ್ಳಿ ಬಣ್ಣದ ಪೊರೆ ಕರಗೋ ಜಾತಿಯದಲ್ಲ. ಚೂಪು ಚಾಕುವಿನ ಮೊನೆ ಅದರಡಿ ತೂರಿಸಿ, ಅಲಗು ಪೊರೆಯ ಕಡೆಗೆ ಓರೆ ಮಾಡಿ, ಪಟ್ಟಿ ಪಟ್ಟಿಯಾಗಿ ಎಳೆದು ತೆಗೀರಿ. ಬಿಟ್ಟರೆ ಬೆಂದಾಗ ಕುಗ್ಗಿ ಇಡೀ ತೊಡೆಯನ್ನ ಹಿಂಡುತ್ತೆ, ಮಸಾಲೆಯೂ ಒಳಗೆ ಇಳಿಯಲ್ಲ. ಇನ್ನೊಂದು: ತೊಡೆಯ ಹಿಂಭಾಗದಲ್ಲಿ ಮಂಡಿಯ ಮೇಲಕ್ಕೆ ಎರಡು ಮಾಂಸಖಂಡಗಳ ಸಂದಿಯಲ್ಲಿ ಒಂದು ಕೊಬ್ಬಿನ ಗಂಟು ಸಿಗುತ್ತೆ. ಅದರೊಳಗೆ ಬೂದು ಬಣ್ಣದ, ಕಡಲೆಬೀಜದಷ್ಟು ದೊಡ್ಡ ದುಗ್ಧಗ್ರಂಥಿ ಇರುತ್ತೆ. ಬೆಂದರೆ ಅಡ್ಡವಾಸನೆ, ಕೊಬ್ಬಿನ ಸಮೇತ ತೆಗೆದುಬಿಡಿ. ಜಿಂಕೆ ತೊಡೆಗೂ ಇದೇ ಮಾತು.

ಕಾಳುಮೆಣಸು
ಗ್ರಂಥಿ ವಿಷಯ ಹೇಳಿದ್ದು ಒಳ್ಳೇದಾಯ್ತು, ಅದನ್ನ ಯಾರೂ ಬರೆಯಲ್ಲ.

ಈಗ ಉಪ್ಪು. ಮೂಳೆ ಸಮೇತ ತೂಕಕ್ಕೆ ಶೇ. 1.1 ಲೆಕ್ಕ ಹಿಡಿದರೆ 1.8 ಕೆ.ಜಿ.ಗೆ 20 ಗ್ರಾಂ. ಪುಡಿ ಉಪ್ಪಾದರೆ ಮಟ್ಟಸವಾಗಿ ಮೂರು ಟೀ ಚಮಚ ದಾಟಿ ಚೂರು. ಕಲ್ಲುಪ್ಪು ಬಳಸೋರು ಚಮಚ ನಂಬಬೇಡಿ, ತೂಗಿ. ಈ ಉಪ್ಪನ್ನ ಅಡುಗೆಗೆ ಒಂದು ದಿನ ಮೊದಲೇ ಎಲ್ಲ ಕಡೆ ಸವರಿ, ಜಾಲರಿ ತಟ್ಟೆ ಮೇಲಿಟ್ಟು ಮುಚ್ಚದೇ ಫ್ರಿಜ್ಜಿನಲ್ಲಿ ಬಿಡಿ. ಮೊದಲ ಒಂದು ಗಂಟೆ ನೀರು ಬಿಡುತ್ತೆ, ಗಾಬರಿ ಬೇಡ, ಆಮೇಲೆ ಅದೇ ನೀರನ್ನ ಒಳಗೆ ಎಳ್ಕೊಳುತ್ತೆ. ಉಪ್ಪು ಒಳಗಿಳಿದ ಎಳೆ ಬಿಸಿಯಲ್ಲಿ ಕಡಿಮೆ ಹಿಂಡಿಕೊಳ್ಳುತ್ತೆ. ಮೇಲ್ಮೈ ಒಣಗೋದರಿಂದ ಕೊನೆಗೆ ಬಣ್ಣವೂ ಚೆನ್ನಾಗಿ ಬರುತ್ತೆ. ಮಸಾಲೆಯ ಕಣಗಳು ನಾಲ್ಕೈದು ಮಿ.ಮೀ. ಒಳಗೂ ಹೋಗಲ್ಲ, ಒಳಗೆ ಹೋಗೋದು ಉಪ್ಪು ಮಾತ್ರ. ಉಪ್ಪಿಗೆ ಒಂದು ದಿನ, ಮಸಾಲೆಗೆ ನಾಲ್ಕು ಗಂಟೆ ಸಾಕು.

ಮಸಾಲೆ 1.8 ಕೆ.ಜಿ.ಗೆ: ಕಾಳುಮೆಣಸು 15 ಗ್ರಾಂ, ಕೊತ್ತಂಬರಿ ಬೀಜ 10, ಜೀರಿಗೆ 5, ಲವಂಗ ಎಣಿಸಿ 5, ಏಲಕ್ಕಿ ಎಣಿಸಿ 4, ಬೆರಳುದ್ದದ ಚಕ್ಕೆ ಒಂದು, ರಾಂಪತ್ರೆ ಇದ್ದರೆ ಅರ್ಧ ಎಸಳು, ಇಲ್ಲದಿದ್ದರೆ ಜಾಪತ್ರೆ. ಬೇರೆ ಬೇರೆಯಾಗಿ ಬೆಚ್ಚಗೆ ಹುರಿದು ತರಿತರಿಯಾಗಿ ಪುಡಿ ಮಾಡಿ. ಸಿಪ್ಪೆ ತೆಗೆದ ಬೆಳ್ಳುಳ್ಳಿ 40 ಗ್ರಾಂ, ಶುಂಠಿ 30, ಸೂಜಿಮೆಣಸು ಎಣಿಸಿ 8 ಸೇರಿಸಿ ಅರೀರಿ. ಉಪ್ಪಾಗೆ (ಹುಳಿಗೆ ಹಾಕೋ ಮಲೆನಾಡಿನ ಹಣ್ಣು) ಸಿಪ್ಪೆ ನಾಲ್ಕು ತುಂಡು ಅರ್ಧ ಲೋಟ ಬಿಸಿನೀರಲ್ಲಿ ನೆನೆಹಾಕಿ ಹಿಂಡಿದ ನೀರಲ್ಲಿ ಇದನ್ನ ಕಲಸಿ, 50 ಗ್ರಾಂ ತುಪ್ಪ ಸೇರಿಸಿ ಸವರಿ. ಮತ್ತೆ ಉಪ್ಪು ಹಾಕಬೇಡಿ! ಇದನ್ನ ಮರೆತೇ ಹೆಚ್ಚಿನವರ ರೋಸ್ಟ್ ಉಪ್ಪಾಗೋದು.

ಮಳೆಗಾಲ
ಉಪ್ಪಾಗೆ ಬದಲು ಮೊಸರು ಹಾಕಿದ್ರೆ ಎಂತ ಆಗುತ್ತೆ?

ಕಾಳುಮೆಣಸು
ಏನೂ ಆಗಲ್ಲ, ಹಾಕಿ. 150 ಗ್ರಾಂ ಗಟ್ಟಿ ಮೊಸರು ಸಾಕು. ಆದರೆ ಹುಳಿ ಯಾವುದೇ ಇರಲಿ, ಮೆತ್ತಗಾಗಲಿ ಅಂತ ರಾತ್ರಿಯಿಡೀ ನೆನೆಸೋದು ಉಲ್ಟಾ ಹೊಡೆಯುತ್ತೆ. ಕಟು ಹುಳಿಯಲ್ಲಿ ಬಹಳ ಹೊತ್ತು ಕೂತ ಮೇಲ್ಪದರ ಸುಣ್ಣ ಬಳಿದ ಹಾಗೆ ಬಿಳಿಚಿ, ಬೆಂದ ಮೇಲೆ ಹಿಟ್ಟು ಹಿಟ್ಟು. ನಿಂಬೆ, ವಿನೆಗರ್ ಇದರಲ್ಲಿ ಮುಂದು. ಮೊಸರು ಮೃದು. ಉಪ್ಪಾಗೆ ಹುಳಿ ಗಟ್ಟಿಯೇ, ಅದಕ್ಕೇ ನಾಲ್ಕು ಗಂಟೆ ಅಂದಿದ್ದು. ಮೊಸರಿನ ಇನ್ನೊಂದು ಗುಣ: ಅದರ ಸಕ್ಕರೆ, ಪ್ರೋಟೀನಿನಿಂದ ಬಣ್ಣ ಬೇಗ ಬರುತ್ತೆ, ಹಾಗೇ ಬೇಗ ಸೀಯುತ್ತೆ ಕೂಡ. ಕೊನೆಯ ಹತ್ತು ನಿಮಿಷ ಓವನ್ ಬಿಟ್ಟು ಕದಲಬೇಡಿ.

ಮಳೆಗಾಲ
ಹಾಗಾದ್ರೆ ಪಪ್ಪಾಯಿ? ಪ್ರಶ್ನೆ ಕೇಳಿದವರದ್ದು ಮೇಲ್ಪದರ ಮುದ್ದೆ ಆಗಿದ್ದು ಅದರಿಂದಲೇ ಅಲ್ವಾ?

ಕೊಡಚಾದ್ರಿ_ಬುಡ
ಹೌದು, ಅದೂ ಅದರ ಸ್ವಭಾವ ಗೊತ್ತಿಲ್ಲದೆ ಹಾಕಿದ್ದರಿಂದ. ಕಾಯಿ ಪಪ್ಪಾಯಿಯ ಹಾಲಿನಲ್ಲಿರೋ ಪಪೈನ್ ಎಳೆ ಕತ್ತರಿಸೋ ಕಿಣ್ವ. ಮಿಲಿಮೀಟರ್ ಲೆಕ್ಕದಲ್ಲಿ ಒಳಗೆ ಹೋಗುತ್ತೆ ಅಷ್ಟೇ, ಹತ್ತು ಸೆಂಟಿಮೀಟರ್ ದಪ್ಪದ ತೊಡೆಯ ನಡುಭಾಗಕ್ಕೆ ಅದು ಬಂದ ಸುದ್ದಿಯೂ ತಲುಪಲ್ಲ. ಫ್ರಿಜ್ಜಿನ ತಂಪಲ್ಲಿ ಮಲಗಿರುತ್ತೆ. ಬಿಸಿ ಏರಿ 60–70 ಡಿಗ್ರಿಗೆ ಬಂದಾಗ ಅದರ ಕೆಲಸ ಭರ್ಜರಿ. ನಿಧಾನದ ಅಡುಗೆಯಲ್ಲಿ ಮಾಂಸ ಆ ಬಿಸಿಯನ್ನ ನಿಧಾನಕ್ಕೇ ದಾಟುತ್ತೆ, ಅಷ್ಟೂ ಹೊತ್ತು ಮೇಲ್ಪದರವನ್ನ ಅರೆಯುತ್ತೆ. ಅದೇ ಮುದ್ದೆ. ಇಡೀ ತೊಡೆಗೆ ಪಪ್ಪಾಯಿ ಬೇಡವೇ ಬೇಡ. ಖೈಮಾ, ಕಬಾಬಿನ ತೆಳು ಹೋಳಿಗೆ ಕೆ.ಜಿ.ಗೆ ಒಂದು ದೊಡ್ಡ ಚಮಚ, ಒಂದು ಗಂಟೆ, ಅಲ್ಲಿಗೆ ಮುಗೀತು.

ಅನಾನಸ್ಸೂ ಇದೇ ಜಾತಿ. ಸೊರಬ, ಬನವಾಸಿ ಕಡೆ ಹೇರಳ ಸಿಗುತ್ತೆ ಅಂತ ಹಸಿ ರಸ ಸುರಿದು ಕೂರಬೇಡಿ. ಒಮ್ಮೆ ಕುದಿಸಿದರೆ ಕಿಣ್ವ ಸಾಯುತ್ತೆ, ಆಮೇಲೆ ಬರೀ ರುಚಿಗೆ ಬಳಸಬಹುದು. ಶುಂಠಿಯಲ್ಲೂ ಇಂಥದೇ ಕಿಣ್ವ ಇದೆ, ಸೌಮ್ಯವಾದದ್ದು. 30 ಗ್ರಾಂ ಶುಂಠಿಯಿಂದ ತೊಂದರೆಯಿಲ್ಲ.

ಸಾಗರದ_ಅಡಿಗೆಮನೆ
ಈಗ ಓವನ್ ವಿಷಯಕ್ಕೆ ಬನ್ನಿ. ಡಿಗ್ರಿ, ಗಂಟೆ.

ಕೊಡಚಾದ್ರಿ_ಬುಡ
ಫ್ರಿಜ್ಜಿನಿಂದ ತೆಗೆದು ಒಂದು ಗಂಟೆ ಹೊರಗೆ ಇಡಿ, ಅದಕ್ಕಿಂತ ಜಾಸ್ತಿ ಬೇಡ. ಟ್ರೇಯ ತಳಕ್ಕೆ ದಪ್ಪಗೆ ಹೆಚ್ಚಿದ ಈರುಳ್ಳಿ ಮೂರು, ಅದರ ಮೇಲೆ ತೊಡೆ, ಪಕ್ಕದಲ್ಲಿ ಒಂದು ಲೋಟ ಬಿಸಿನೀರು. ಅಂದ್ರೆ 200 ಮಿ.ಲೀ., ಮಾಂಸ ಮುಳುಗಬಾರದು. ಬಾಡಿಸಿದ ಬಾಳೆ ಎಲೆ ಎರಡು ಪದರ ಹೊದಿಸಿ, ಅದರ ಮೇಲೆ ಫಾಯಿಲ್ ಹಾಕಿ ಅಂಚು ಬಿಗಿಯಾಗಿ ಮಡಚಿ. ಬಾಳೆ ಎಲೆ ಬರೀ ಚೆಂದಕ್ಕಲ್ಲ, ಉಪ್ಪಾಗೆ ಹುಳಿ, ಉಪ್ಪು ಎರಡೂ ಅಲ್ಯೂಮಿನಿಯಂ ಫಾಯಿಲ್‌ಗೆ ನೇರ ತಾಗಬಾರದು, ತಾಗಿದ್ರೆ ಫಾಯಿಲ್ ತೂತು ಬೀಳುತ್ತೆ, ಲೋಹದ ರುಚಿ ಬರುತ್ತೆ.

ಓವನ್ 150 ಡಿಗ್ರಿ, ಮೇಲಿನ ಕೆಳಗಿನ ಎರಡೂ ಕಾಯಿಲ್, ಫ್ಯಾನ್ ಇದ್ದರೆ ಆಫ್. ಹಾಲುಹಲ್ಲಿನ ಮೇಕೆಗೆ ಎರಡೂಮುಕ್ಕಾಲು ಗಂಟೆಗೆ ಮೊದಲ ಸಲ ನೋಡಿ, ಎರಡು ಹಲ್ಲಿನದಕ್ಕೆ ಮೂರೂವರೆ. ನಡುವೆ ಒಂದೇ ಸಲ ತೆರೆದು ಮಗುಚಿ ಹಾಕಿ, ತಳದ ನೀರು ಬತ್ತಿದ್ದರೆ ಅರ್ಧ ಲೋಟ ಬಿಸಿನೀರು. ತಣ್ಣೀರು ಹಾಕಬೇಡಿ, ಗಾಜಿನ ಟ್ರೇ ಆದರೆ ಸೀಳುತ್ತೆ.

ಆಯ್ತೋ ಇಲ್ವೋ ಅನ್ನೋದಕ್ಕೆ ಗಡಿಯಾರ ನೋಡಬೇಡಿ. ದಪ್ಪ ಭಾಗಕ್ಕೆ ದಬ್ಬಣ ಚುಚ್ಚಿ ತಿರುಗಿಸಿ. ಬೆಣ್ಣೆಗೆ ಚುಚ್ಚಿದ ಹಾಗೆ ಇಳಿದರೆ ಆಯ್ತು. ತುದಿಯಲ್ಲಿ ಒಮ್ಮೆ ತಡೆದು ಆಮೇಲೆ ಇಳಿದರೆ ಇನ್ನೂ ಇಪ್ಪತ್ತು ನಿಮಿಷ. ನಲ್ಲಿ ಮೂಳೆಯ ತುದಿಯಿಂದ ಮಾಂಸ ಎರಡು ಸೆಂ.ಮೀ. ಹಿಂದೆ ಸರಿದಿರುತ್ತೆ, ಅದೂ ಗುರುತು. ಆಮೇಲೆ ಎಲೆ, ಫಾಯಿಲ್ ತೆಗೆದು ರಸವನ್ನೆಲ್ಲ ಪಾತ್ರೆಗೆ ಬಗ್ಗಿಸಿ, ಮೇಲ್ಮೈ ಒಣಗಲು ಐದು ನಿಮಿಷ ಬಿಟ್ಟು, ತುಪ್ಪ ಸವರಿ 220 ಡಿಗ್ರಿಯಲ್ಲಿ 12–15 ನಿಮಿಷ. ತೇವ ಇದ್ದರೆ ಬಣ್ಣ ಬರಲ್ಲ. ನೀರು ಆರೋ ತನಕ ಮೇಲ್ಮೈ 100 ಡಿಗ್ರಿ ಬಿಟ್ಟು ಏರಲ್ಲ, ಕಂದು ಬಣ್ಣಕ್ಕೆ 140ರ ಮೇಲೆ ಬೇಕು.

ಕೊಪ್ಪದ_ಒಲೆ
ಮೊದಲೇ ಬಾಣಲೆಯಲ್ಲಿ ಸುತ್ತ ಹುರಿದು "ರಸ ಒಳಗೇ ಮುಚ್ಚಬೇಕು" ಅಂತಾರಲ್ಲ?

ಕೊಡಚಾದ್ರಿ_ಬುಡ
ರಸ ಮುಚ್ಚಲ್ಲ, ಅದು ಹಳೇ ನಂಬಿಕೆ. ಹುರಿದ ಮಾಂಸವನ್ನ ತಟ್ಟೆಯಲ್ಲಿಟ್ಟು ನೋಡಿ, ಸುತ್ತ ರಸ ಇಳಿದಿರುತ್ತೆ. ಹುರಿಯೋದು ರುಚಿಗೆ, ಬಣ್ಣಕ್ಕೆ. ಮುಚ್ಚಿ ಬೇಯಿಸೋ ವಿಧಾನದಲ್ಲಿ ಮೊದಲು ಹುರಿದರೆ ಗರಿಯೆಲ್ಲ ಹಬೆಗೆ ಮೆತ್ತಗಾಗುತ್ತೆ, ಅದಕ್ಕೆ ಕೊನೆಗೇ ವಾಸಿ. ಹಾಗಂತ ಮೊದಲು ಹುರಿದರೆ ತಳದ ರಸಕ್ಕೆ ರುಚಿ ಹೆಚ್ಚು ಅನ್ನೋದೂ ಸುಳ್ಳಲ್ಲ. ಹೊತ್ತಿದ್ದರೆ ಎರಡೂ ಮಾಡಿ.

ಶರಾವತಿ_ಹಿನ್ನೀರು
ಡಿಗ್ರಿ ಅಂತ ಎಲ್ಲ ಬರೀತಿದ್ದೀರಿ, ಮಲೆನಾಡಿನ ವೋಲ್ಟೇಜಿಗೆ ಓಟಿಜಿ ಮೇಲಿನ ಅಂಕಿಗೂ ಒಳಗಿನ ಬಿಸಿಗೂ ಸಂಬಂಧ ಇರಲ್ಲ. 230 ವೋಲ್ಟಿಗೆ 2000 ವಾಟ್ ಕೊಡೋ ಕಾಯಿಲ್ 190 ವೋಲ್ಟಿಗೆ ಸುಮಾರು 1360 ವಾಟ್ ಕೊಡುತ್ತೆ, ಮೂರರಲ್ಲಿ ಒಂದು ಪಾಲು ಹೋಯ್ತು. 150ಕ್ಕೆ ಹೇಗೋ ಏರುತ್ತೆ, 220ಕ್ಕೆ ಏರೋ ಹೊತ್ತಿಗೆ ಮಾಂಸ ಒಣಗಿ ಹೋಗಿರುತ್ತೆ. ಒಳಗೆ ನೇತುಹಾಕೋ ಸಣ್ಣ ಓವನ್ ಥರ್ಮಾಮೀಟರ್ ಇಟ್ಟು ಅದನ್ನೇ ನಂಬಿ. ಸಂಜೆ ಆರರಿಂದ ಒಂಬತ್ತು ಬಿಟ್ಟು ಮಧ್ಯಾಹ್ನ ಮಾಡಿ. ವೋಲ್ಟೇಜ್ ಇಳಿದಿದ್ದರೆ ಕೊನೆಯ ಬಣ್ಣಕ್ಕೆ ಓವನ್ ಬೇಡ, ಕಬ್ಬಿಣದ ಬಾಣಲೆಯಲ್ಲಿ ತುಪ್ಪ ಕಾಯಿಸಿ ಒಂದೊಂದು ಮಗ್ಗುಲು ಎರಡೆರಡು ನಿಮಿಷ ಹುರೀರಿ. ಇನ್ನೊಂದು, 2000 ವಾಟ್ ಅಂದ್ರೆ ಒಂಬತ್ತು ಆಂಪಿಯರ್ ಹತ್ತಿರ, 16 ಆಂಪಿಯರ್ ಪಾಯಿಂಟಿಗೇ ಹಾಕಿ. ಮೂರು ಗಂಟೆ ಓಡಿಸಿದರೆ ಸಣ್ಣ ಪ್ಲಗ್ ಕರಗುತ್ತೆ.

ಮಳೆಗಾಲ
ಆಗುಂಬೆ ಎತ್ತರಕ್ಕೆ ಮಾಂಸ ಬೇಯೋದೇ ನಿಧಾನ ಅಂತ ಕೇಳಿದ್ದು. ಹೌದಾ?

ಶರಾವತಿ_ಹಿನ್ನೀರು
ಶಿವಮೊಗ್ಗ, ಆಗುಂಬೆ ಎತ್ತರದಲ್ಲಿ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತೆ. ಎರಡು ಡಿಗ್ರಿಯಿಂದ ಮೇಕೆ ಬೇಯದೇ ಉಳಿಯಲ್ಲ. ಆದರೆ ಒಂದಕ್ಕೆ ಉಪಯೋಗ ಇದೆ: ಚುಚ್ಚೋ ಥರ್ಮಾಮೀಟರ್ ಸರಿ ಇದೆಯಾ ನೋಡೋವಾಗ ಕುದಿಯೋ ನೀರಲ್ಲಿ 98 ತೋರಿಸಿದರೆ ಅದು ಸರಿಯಾಗೇ ಇದೆ, ಕೆಟ್ಟಿದೆ ಅಂತ ಎಸೆಯಬೇಡಿ. ಚುಚ್ಚುವಾಗ ಮೊನೆ ಮೂಳೆಗೆ ತಾಗಬಾರದು.

ಕೊಪ್ಪದ_ಒಲೆ
ಓವನ್ ಇಲ್ಲದ ಮನೆಗಳೇ ಹೆಚ್ಚು, ಅವರಿಗಾಗಿ ಬರೀತೀನಿ.

ದಪ್ಪ ತಳದ ಅಗಲ ಪಾತ್ರೆ, ಚಪ್ಪಟೆ ಮುಚ್ಚಳ. ತಳಕ್ಕೆ ಈರುಳ್ಳಿ, ನೀರು ಮೇಲೆ ಹೇಳಿದಷ್ಟೇ. ಮುಚ್ಚಳದ ಅಂಚಿಗೆ ಅಕ್ಕಿ ಹಿಟ್ಟು ಕಲಸಿ ಮೆತ್ತಬೇಡಿ, ಒಣಗಿ ಬಿರುಕು ಬಿಡುತ್ತೆ, ಗೋಧಿ ಹಿಟ್ಟೇ ಸರಿ. ಕೆಳಗೆ ಎರಡು ಹಿಡಿ ಕೆಂಡ, ಮುಚ್ಚಳದ ಮೇಲೆ ಮೂರು ಹಿಡಿ. ಮೇಲೆ ಯಾವಾಗಲೂ ಹೆಚ್ಚು, ಇಲ್ಲಾಂದ್ರೆ ತಳ ಹಿಡಿಯುತ್ತೆ. ತೆಂಗಿನ ಗರಟೆ ಕೆಂಡ ಚೆನ್ನ, ಬಿಸಿ ಜಾಸ್ತಿ. ಅಡಿಕೆ ಸಿಪ್ಪೆ ಭರ್‌ ಅಂತ ಉರಿದು ಹೋಗುತ್ತೆ, ಕೆಂಡ ನಿಲ್ಲಲ್ಲ, ಒಲೆ ಹೊತ್ತಿಸೋಕೆ ಮಾತ್ರ. ಗೇರು ಸೌದೆ ಬೇಡ, ಅದರ ಹೊಗೆ ಕಣ್ಣು ಗಂಟಲು ಎರಡಕ್ಕೂ ಆಗಲ್ಲ. 40 ನಿಮಿಷಕ್ಕೊಮ್ಮೆ ಹೊಸ ಕೆಂಡ, ಒಟ್ಟು ಮೂರು ಗಂಟೆ. ಕಿವಿಗೊಟ್ಟು ಕೇಳಿ, ಒಳಗೆ ಗುಳುಗುಳು ಅಂತ ಮೆಲ್ಲಗೆ ಸದ್ದು ಬರ್ತಿರಬೇಕು. ಚರಚರ ಅಂದ್ರೆ ನೀರು ಬತ್ತಿದೆ.

ಮಳೆಗಾಲ
ಕುಕ್ಕರ್‌ನಲ್ಲಿ ಮಾಡಿದ್ರೆ ರೋಸ್ಟ್ ಅನ್ನೋಕಾಗುತ್ತಾ?

ಕಾಳುಮೆಣಸು
ಅನ್ನೋಕಾಗಲ್ಲ, ಆದರೆ ತಿನ್ನೋಕಾಗುತ್ತೆ! ಮೂಳೆ ಬಿಡಿಸಿ, ಸುರುಳಿ ಸುತ್ತಿ, ಹತ್ತಿ ದಾರದಲ್ಲಿ ಎರಡೆರಡು ಬೆರಳು ಅಂತರಕ್ಕೆ ಕಟ್ಟಿ. 1.2 ಕೆ.ಜಿ. ಸುರುಳಿ 7.5 ಲೀಟರ್ ಕುಕ್ಕರ್‌ಗೆ ಕೂರುತ್ತೆ. ಒಂದು ಲೋಟ ನೀರು, ಬಿಡಿಸಿದ ಮೂಳೆಗಳನ್ನ ತಳಕ್ಕೆ ಜೋಡಿಸಿ ಅದರ ಮೇಲೆ ಸುರುಳಿ. ಮೊದಲ ಸೀಟಿ ಬಂದ ಮೇಲೆ ಉರಿ ಪೂರ್ತಿ ಸಣ್ಣ, ಎಳೇ ಮೇಕೆಗೆ 30 ನಿಮಿಷ, ಬೆಳೆದದ್ದಕ್ಕೆ 45. ಸೀಟಿ ಎಣಿಸಬೇಡಿ, ನಿಮಿಷ ಎಣಿಸಿ.

ಆಫ್ ಮಾಡಿದ ಮೇಲೆ ವೆಯ್ಟ್ ಎತ್ತಿ ಹಬೆ ಬಿಡೋದೇ ದೊಡ್ಡ ತಪ್ಪು. ಒತ್ತಡದಲ್ಲಿ ಒಳಗೆ 120 ಡಿಗ್ರಿ ಹತ್ತಿರ ಇರುತ್ತೆ, ಒತ್ತಡ ದಿಢೀರ್ ಇಳಿದರೆ ಮಾಂಸದೊಳಗಿನ ನೀರು ಒಮ್ಮೆಲೇ ಕುದ್ದು ಹೊರಗೆ ನುಗ್ಗುತ್ತೆ. ತಾನಾಗೇ ಇಳಿಯಲಿ. ತೆರೆದ ಮೇಲೂ ಅರ್ಧ ಗಂಟೆ ಅದೇ ರಸದಲ್ಲಿ ಬಿಡಿ. ಆಮೇಲೆ ತೆಗೆದು ಒರೆಸಿ ಬಾಣಲೆಯಲ್ಲಿ ತುಪ್ಪಕ್ಕೆ ಹುರೀರಿ.

ಆಕ್ಲೆಂಡ್_ತೀರ್ಥಹಳ್ಳಿ
ಇಲ್ಲಿ ನ್ಯೂಜಿಲೆಂಡ್‌ನಲ್ಲಿ ಫಾರಂನ ಕೆಂಪು ಜಿಂಕೆ ಮಾಂಸ ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತೆ. ಮೂಳೆ ಇಲ್ಲದ ತೊಡೆ ರೋಸ್ಟ್ 1 ಕೆ.ಜಿ., ಫ್ರೋಜನ್. ಮೇಲಿನದನ್ನೆಲ್ಲ ಹಾಗೇ ಮಾಡಬಹುದಾ ಅಣ್ಣ, ಏನಾದ್ರೂ ಬದಲಾವಣೆ ಬೇಕಾ?

ಕಾಳುಮೆಣಸು
ಮೂರು ಬದಲಾವಣೆ. ಮೊದಲನೆಯದು, ಫ್ರಿಜ್ಜಿನಲ್ಲೇ ಕರಗಿಸಿ, 1 ಕೆ.ಜಿ.ಗೆ ಪೂರ್ತಿ ಒಂದು ದಿನ. ನೀರಿಗೆ ಹಾಕಿ ಅವಸರ ಮಾಡಬೇಡಿ.

ಎರಡನೆಯದು ಕೊಬ್ಬು. ಮೇಕೆ ಕೊಬ್ಬನ್ನ ಸ್ವಲ್ಪ ಬಿಡಬಹುದು, ಜಿಂಕೆಯದನ್ನ ಚೂರೂ ಬಿಡದೆ ತೆಗೀರಿ. ಅದು ಗಟ್ಟಿ ಜಾತಿ, ತಟ್ಟೆಯಲ್ಲಿ ಸ್ವಲ್ಪ ಆರಿದರೆ ಮೇಣದ ಹಾಗೆ ಅಂಗುಳಕ್ಕೆ ಅಂಟುತ್ತೆ. ತೆಗೆದ ಜಾಗಕ್ಕೆ ಬೇರೆ ಕೊಬ್ಬು ಕೊಡಬೇಕು: ಬೆಣ್ಣೆ ಅಥವಾ ಹಂದಿ ಬೆನ್ನಿನ ಕೊಬ್ಬಿನ ತೆಳು ಹೋಳು ಮೇಲೆ ಹೊದಿಸಿ ದಾರ ಕಟ್ಟಿ.

ಮೂರನೆಯದು ಮುಖ್ಯ. ನಿಮ್ಮದು ಎಳೇ ಪ್ರಾಣಿಯ ಒಂದೇ ಮಾಂಸಖಂಡ ಆಗಿದ್ದರೆ, ಪೊರೆ ಪೂರ್ತಿ ತೆಗೆದಿದ್ದರೆ, ಕರಗಿಸೋಕೆ ಒಳಗೆ ಹೆಚ್ಚು ಕೊಲಾಜೆನ್ನೇ ಇಲ್ಲ. ಮೂರು ಗಂಟೆ ಬೇಯಿಸಿದ್ರೆ ನಾರು ನಾರು. ಆಗ ಮೊದಲ ದಾರಿ: ಬಾಣಲೆಯಲ್ಲಿ ಸುತ್ತ ಹುರಿದು, 120 ಡಿಗ್ರಿ ಓವನ್‌ನಲ್ಲಿ ಇಟ್ಟು, ನಡುಭಾಗ 58–60 ಬಂದಾಗ ತೆಗೀರಿ. ಫಾಯಿಲ್ ಸಡಿಲವಾಗಿ ಹೊದಿಸಿ ಬಿಟ್ಟರೆ ಇನ್ನೆರಡು ಮೂರು ಡಿಗ್ರಿ ತಾನೇ ಏರುತ್ತೆ. ಅಮೆರಿಕದ ಕೃಷಿ ಇಲಾಖೆ ಇಡೀ ತುಂಡಿನ ಮಾಂಸಕ್ಕೆ ಹೇಳೋದು 63 ಡಿಗ್ರಿ, ಮೂರು ನಿಮಿಷ ವಿರಾಮ. ಮನೆಯಲ್ಲಿ ವಯಸ್ಸಾದವರು, ಬಸುರಿಯರು ಇದ್ದರೆ ಅದಕ್ಕಿಂತ ಕೆಳಗೆ ನಿಲ್ಲಿಸಬೇಡಿ. ಪಾಕೆಟ್ಟಿನಲ್ಲಿ ನಾಲ್ಕಾರು ಖಂಡ ಸೇರಿಸಿ ಬಲೆ ಹಾಕಿ ಕಟ್ಟಿದ್ದರೆ, ನಡುವೆ ಬಿಳಿ ನರ ಕಂಡರೆ, ಆಗ ನಿಧಾನದ ದಾರಿಯೇ.

ಕೊಡಚಾದ್ರಿ_ಬುಡ
ಕೊಬ್ಬು ಕೊಡೋ ವಿಷಯ ಮೇಕೆಗೂ ಸೇರಿಸ್ತೀನಿ. ಅಂಗಡಿಯಲ್ಲಿ ಹೊಟ್ಟೆ ಮೇಲಿನ ಜಾಲರಿ ಥರದ ಕೊಬ್ಬು ಕೇಳಿ, ಬಹಳ ಕಡೆ ಸುಮ್ಮನೇ ಹಾಕಿಕೊಡ್ತಾರೆ. ಬಿಸಿನೀರಲ್ಲಿ ಒಂದು ನಿಮಿಷ ಅದ್ದಿ ಬಿಡಿಸಿ, ಮಸಾಲೆ ಹಚ್ಚಿದ ತೊಡೆಗೆ ಸೀರೆ ಉಡಿಸಿದ ಹಾಗೆ ಸುತ್ತಿ. ಬೇಯ್ತಾ ಕರಗಿ ಹೋಗುತ್ತೆ, ಕೊನೆಗೆ ಗರಿಯಷ್ಟೇ ಉಳಿಯುತ್ತೆ. ತುಪ್ಪ ಸುರಿಯೋದಕ್ಕಿಂತ ಇದು ಎಷ್ಟೋ ಮೇಲು, ತುಪ್ಪ ಜಾರಿ ತಳ ಸೇರುತ್ತೆ, ಇದು ಜಾಗದಲ್ಲೇ ಇರುತ್ತೆ.

ಸಾಗರದ_ಅಡಿಗೆಮನೆ
ಬಗ್ಗಿಸಿದ ರಸ ಏನು ಮಾಡ್ಲಿ? ಕತ್ತರಿಸೋದು ಹೇಗೆ? ಜೊತೆಗೆ ಕಡುಬು ಮಾಡ್ತಿದ್ದೀವಿ.

ಕೊಪ್ಪದ_ಒಲೆ
ಕಡುಬಿಗೆ ರಸ ಬೇಕೇ ಬೇಕು, ಅಕ್ಕಿ ರೊಟ್ಟಿ ಆದರೆ ಒಣಗಿದ್ದರೂ ನಡೆಯುತ್ತಿತ್ತು. ರಸ ಹತ್ತು ನಿಮಿಷ ಅಲುಗಾಡಿಸದೆ ಇಟ್ಟರೆ ಕೊಬ್ಬು ಮೇಲೆ ಬರುತ್ತೆ, ಸೌಟಿನಲ್ಲಿ ತೆಗೀರಿ, ಎರಡು ಚಮಚ ಮಾತ್ರ ಬಿಡಿ. ಬೆಂದ ಈರುಳ್ಳಿ ಸಮೇತ ಅರೆದು, ಅರ್ಧ ಲೋಟ ನೀರು ಸೇರಿಸಿ ಚಮಚದ ಬೆನ್ನಿಗೆ ಹಿಡಿಯೋ ತನಕ ಕುದಿಸಿ. ಉಪ್ಪು ಕೊನೆಗೆ ನೋಡಿ, ಬತ್ತಿದಷ್ಟೂ ಏರುತ್ತೆ. ಹುಳಿ ಕಮ್ಮಿ ಅನ್ನಿಸಿದರೆ ಉಪ್ಪಾಗೆ ನೀರು ಒಂದೆರಡು ಚಮಚ.

ಕತ್ತಿಮಸೆ
ಓವನ್‌ನಿಂದ ತೆಗೆದು 25 ನಿಮಿಷ ಮುಟ್ಟಬೇಡಿ. ಬಿಸಿಯಲ್ಲಿ ರಸ ನೀರಾಗಿರುತ್ತೆ, ಸ್ವಲ್ಪ ಆರಿದಾಗ ಕರಗಿದ ಜೆಲಟಿನ್ನಿಂದ ಮಂದವಾಗಿ ಮಾಂಸದಲ್ಲೇ ನಿಲ್ಲುತ್ತೆ. ನಲ್ಲಿ ಮೂಳೆಯ ತುದಿಯನ್ನ ಬಟ್ಟೆಯಲ್ಲಿ ಹಿಡಿದು, ಎಳೆ ಯಾವ ದಿಕ್ಕಿಗೆ ಓಡ್ತಿದೆ ನೋಡಿ ಅದಕ್ಕೆ ಅಡ್ಡವಾಗಿ ಕತ್ತರಿಸಿ. ತೊಡೆಯಲ್ಲಿ ಖಂಡದಿಂದ ಖಂಡಕ್ಕೆ ದಿಕ್ಕು ಬದಲಾಗುತ್ತೆ. ಹೋಳು ಅರ್ಧ ಸೆಂ.ಮೀ., ಅದಕ್ಕಿಂತ ತೆಳುವಾದ್ರೆ ಮೆತ್ತಗೆ ಬೆಂದದ್ದು ಉದುರಿಹೋಗುತ್ತೆ.

ಸಾಗರದ_ಅಡಿಗೆಮನೆ
ಉಳಿದರೆ ಮರುದಿನ ಬಿಸಿ ಮಾಡೋದು?

ಕಾಳುಮೆಣಸು
ಹೋಳು ಮಾಡಿ ರಸದಲ್ಲಿ ಮುಳುಗಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹಾಕಿ, ಮೂರು ದಿನದೊಳಗೆ ಮುಗಿಸಿ. ರಸದ ಜೊತೆಗೇ ಮುಚ್ಚಿ, ಸಣ್ಣ ಉರಿಯಲ್ಲಿ ಹಬೆಯಾಡೋ ತನಕ ಬಿಸಿ ಮಾಡಿ. ಮೈಕ್ರೋವೇವಿನಲ್ಲಿ ಒಣ ಹೋಳು ಇಟ್ಟರೆ ಮೂರು ಗಂಟೆಯ ಕೆಲಸ ಮೂರು ನಿಮಿಷದಲ್ಲಿ ಹಾಳು. ಮೂಳೆ ಎಸೆಯಬೇಡಿ, ಹುರುಳಿ ಬೇಯಿಸುವಾಗ ಕುಕ್ಕರಿಗೆ ಹಾಕಿ.